ಇಟಲಿಯ ವಿಂಗರ್‌ಗಳು ಊರೂರು ಅಲೆಯೋದು ಯಾಕೆ? ಕಿಯೇಸಾ ನೆಪದಲ್ಲಿ ಒಂದು ಪ್ರಶ್ನೆ

ಟಚ್‌ಲೈನ್_7:
ಇಟಲಿಯ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಮುಂಪಡೆ ಆಟಗಾರ) ಫೆಡೆರಿಕೊ ಕಿಯೇಸಾನ ಲೆಕ್ಕ ನನಗೆ ತಾಳೆಯಾಗ್ತಿಲ್ಲ. 2021ರ ಬೇಸಿಗೆಯಲ್ಲಿ ನಡೆದ ಯೂರೋ ಕಪ್‌ನಲ್ಲಿ ಆಸ್ಟ್ರಿಯಾ ಮೇಲೆ ಗೋಲು, ಸೆಮಿಫೈನಲ್‌ನಲ್ಲಿ ಸ್ಪೇನ್ ಮೇಲೆ ಗೋಲು, ಕೊನೆಗೆ ಕಪ್. ಮೂರೇ ವರ್ಷಕ್ಕೆ, 2024ರ ಆಗಸ್ಟ್‌ನಲ್ಲಿ, ಯುವೆಂಟಸ್ ಅವನನ್ನು ಲಿವರ್‌ಪೂಲ್‌ಗೆ ಕೊಟ್ಟಿದ್ದು 1 ಕೋಟಿ ಪೌಂಡ್‌ಗೆ, ಮೇಲೆ 25 ಲಕ್ಷದವರೆಗೆ ಬೋನಸ್. ಅವನನ್ನು ತರಲು ಇದೇ ಯುವೆಂಟಸ್ ಒಪ್ಪಿದ್ದ ಮೊತ್ತ ಇದರ ಮೂರು ಪಟ್ಟಿಗೂ ಹೆಚ್ಚು. ಕೇಳಿದರೆ ಎಲ್ಲರೂ 2022ರಲ್ಲಿ ಗಾಯವಾದ ಮಂಡಿ ತೋರಿಸ್ತಾರೆ. ಅಷ್ಟೇನಾ?

ಇನ್ನೊಂದು: ಕಾಂದ್ರೇವಾ, ಪೊಲಿತಾನೊ, ಓರ್ಸೊಲಿನಿ, ಯಾರ ಪಟ್ಟಿ ತೆಗೆದರೂ ಲೋನ್ ಮೇಲೆ ಲೋನ್ (ಕ್ಲಬ್ ತನ್ನ ಆಟಗಾರನನ್ನು ಕೆಲ ಕಾಲ ಇನ್ನೊಂದಕ್ಕೆ ಎರವಲು ಕೊಡೋದು). ‘ಖರೀದಿ ಕಡ್ಡಾಯ’ ಇರುವ ಲೋನ್ ಅಂದರೆ ನಿಜಕ್ಕೂ ಏನು? ಮೊದಲೇ ಕೊಂಡುಬಿಡಬಹುದಲ್ಲ?

ಅರ್ಧಮೈದಾನ:
ಮಂಡಿ ವಿಷಯ ಬೇರೆಯವರು ಹೇಳಲಿ. ನನ್ನ ಪ್ರಕಾರ ಇಟಲಿಯಲ್ಲಿ ವಿಂಗರ್‌ನ ಹಣೆಬರಹ ಬರೆಯೋದು ಕೋಚ್‌ನ ಫಾರ್ಮೇಶನ್. ಅಲ್ಲಿ 3-5-2 (ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು) ಬಿಟ್ಟೂ ಬಿಡದ ಚಾಳಿ, ಮತ್ತು ಆ ವ್ಯವಸ್ಥೆಯಲ್ಲಿ ವಿಂಗರ್ ಅನ್ನೋ ಜಾಗವೇ ಇಲ್ಲ. ಉಳಿಯೋದು ಎರಡು ದಾರಿ: ಸೆಕೆಂಡ್ ಸ್ಟ್ರೈಕರ್ ಆಗು, ಇಲ್ಲವೇ ‘ಕ್ವಿಂಟೊ’, ಅಂದರೆ ಗೆರೆಯುದ್ದಕ್ಕೂ ಮೇಲೆ ಕೆಳಗೆ ಓಡುವ ವಿಂಗ್‌ಬ್ಯಾಕ್ ಆಗು.

ಯುವೆಂಟಸ್‌ನ ಆಗಿನ ಕೋಚ್ ಅಲ್ಲೆಗ್ರಿ ಕಿಯೇಸಾನನ್ನು ಮೊದಲನೇ ದಾರಿಗೆ ಹಾಕಿದ. 2023-24ರಲ್ಲಿ ಸ್ಟ್ರೈಕರ್ ವ್ಲಾಹೊವಿಚ್ ಪಕ್ಕದಲ್ಲಿ ನಿಂತು ಆಡಿದ ಪಂದ್ಯಗಳನ್ನು ಮತ್ತೆ ನೋಡಿ. ಅವನ ಶಕ್ತಿ ಇರೋದು ಗೆರೆ ಬಳಿ ಚೆಂಡು ಹಿಡಿದು, ಮುಂದೆ 15-20 ಮೀಟರ್ ಖಾಲಿ ಜಾಗ ಇಟ್ಟುಕೊಂಡು, ಫುಲ್‌ಬ್ಯಾಕ್‌ಗೆ ಎದುರಾಗಿ ಓಡೋದರಲ್ಲಿ. ಇಲ್ಲಿ ಗೋಲಿಗೆ ಬೆನ್ನು ಹಾಕಿ ಚೆಂಡು ತಗೋಬೇಕು, ಹಿಂದೆ ಸೆಂಟರ್‌ಬ್ಯಾಕ್ ಅಂಟಿಕೊಂಡಿರ್ತಾನೆ. ಮೊದಲ ಟಚ್‌ನಲ್ಲಿ ತಿರುಗಲಾಗದಿದ್ದರೆ ಅವನ ವೇಗಕ್ಕೆ ಕೆಲಸವೇ ಇಲ್ಲ.

ಆಸ್ಟ್ರಿಯಾ ಮೇಲಿನ ಆ ಗೋಲನ್ನೇ ನೋಡಿ, 95ನೇ ನಿಮಿಷ. ಎಡದಿಂದ ಸ್ಪಿನಜ್ಜೋಲಾ ಎತ್ತಿ ಕೊಟ್ಟ ಚೆಂಡು ಬಾಕ್ಸ್‌ನ ಬಲತುದಿಯಲ್ಲಿ ಬಂತು. ಕಿಯೇಸಾ ತಲೆಯಲ್ಲಿ ಇಳಿಸಿಕೊಂಡ, ಬಲಗಾಲಲ್ಲಿ ಒಳಕ್ಕೆ ತಳ್ಳಿ ಲೈಮರ್‌ನನ್ನು ದಾಟಿದ, ಎಡಗಾಲಲ್ಲಿ ದೂರದ ಮೂಲೆಗೆ ಹೊಡೆದ. ಮೂರು ಟಚ್, ಮುಖ ಗೋಲಿನ ಕಡೆಗೇ. ಸ್ಟ್ರೈಕರ್‌ನ ಜಾಗದಲ್ಲಿ ಈ ಕೋನ ಅವನಿಗೆ ಪಂದ್ಯಕ್ಕೆ ಒಂದು ಸಲ ಸಿಕ್ಕಿದರೆ ಪುಣ್ಯ.

ಇನ್ನು ಕ್ವಿಂಟೊ. ವಿಂಗರ್‌ಗಳು ಇಲ್ಲಿ ಎಡವೋದು ಓಟದಲ್ಲಲ್ಲ, ಎರಡನೇ ಪೋಸ್ಟ್‌ನಲ್ಲಿ. ಎದುರಾಳಿ ಆ ಕಡೆಯಿಂದ ಕ್ರಾಸ್ ಹಾಕುವಾಗ ಈ ಕಡೆಯ ಕ್ವಿಂಟೊ ಒಳಗೆ ಬಂದು ದೂರದ ಪೋಸ್ಟ್ ಮುಚ್ಚಬೇಕು. ಚೆಂಡೂ ಕಾಣಬೇಕು, ಬೆನ್ನ ಹಿಂದಿನ ಆಳೂ ಕಾಣಬೇಕು. ಹಾಗಾಗಿ ದೇಹ ಓರೆಯಾಗಿ ತೆರೆದಿರಬೇಕು. ಚಿಕ್ಕಂದಿನಿಂದ ಮೇಲೇ ನಿಂತು ಬೆಳೆದ ಹುಡುಗ ಚೆಂಡನ್ನೇ ನೋಡ್ತಾ ನಿಲ್ತಾನೆ, ಹಿಂದಿನಿಂದ ಬಂದವನು ಹೆಡ್ ಮಾಡಿ ಹೋಗ್ತಾನೆ. ಎರಡು ಸಲ ಹೀಗಾದರೆ ಮೂರನೇ ಪಂದ್ಯಕ್ಕೆ ಬೆಂಚು.

ಪೊಲಿತಾನೊ ಇದಕ್ಕೆ ಸರಿಯಾದ ಸಾಕ್ಷಿ. ಇಂಟರ್‌ನಲ್ಲಿ ಕೋಚ್ ಸ್ಪಲ್ಲೆತ್ತಿಯ 4-2-3-1ರಲ್ಲಿ ಖಾಯಂ ಆಟಗಾರ. 2019ರಲ್ಲಿ ಹೊಸ ಕೋಚ್ ಕೊಂತೆ 3-5-2 ತಂದ, ಇವನಿಗೆ ಜಾಗ ಹೋಯ್ತು. 2020ರ ಜನವರಿಯಲ್ಲಿ ಸ್ಪಿನಜ್ಜೋಲಾ ಜೊತೆ ಅದಲುಬದಲಾಗಿ ರೋಮಾಗೆ ಹೋಗೋ ಮಾತುಕತೆ ಮುರಿದುಬಿತ್ತು, ಅದೇ ತಿಂಗಳು ನಾಪೊಲಿಗೆ ಹೋದ. ತಮಾಷೆ ಅಂದರೆ 2024-25ರಲ್ಲಿ ಅದೇ ಕೊಂತೆ ನಾಪೊಲಿಗೆ ಬಂದ, ಅದೇ ಪೊಲಿತಾನೊ ಅವನ ಖಾಯಂ ಹನ್ನೊಂದರಲ್ಲಿದ್ದ, ಲೀಗೂ ಗೆದ್ದರು. ಬದಲಾಗಿದ್ದು ಏನು? ಚೆಂಡು ಇದ್ದಾಗ ವಿಂಗರ್, ಹೋದ ತಕ್ಷಣ ಹಿಂದಿನ ಸಾಲಿನ ಐದನೆಯವನು. ಆ ಎರಡನೇ ಕೆಲಸ 30 ದಾಟಿದ ಮೇಲೆ ಕೈಹತ್ತಿತು.

ಬ್ಯಾಲೆನ್ಸ್‌ಶೀಟ್:
ಲೋನ್ ಪ್ರಶ್ನೆಗೆ ನಾನು ಬರ್ತೀನಿ. ಮೂರು ಬಗೆ ಇದೆ: ಬರೀ ಲೋನ್, ಕೊಳ್ಳುವ ಹಕ್ಕು ಇರುವ ಲೋನ್ (ಬೇಕಾದರೆ ತಗೋ), ಕೊಳ್ಳುವುದು ಕಡ್ಡಾಯವಾದ ಲೋನ್ (ಷರತ್ತು ಈಡೇರಿದರೆ ತಗೊಳ್ಳಲೇಬೇಕು). ಎರಡನೆಯದಕ್ಕೆ ಕೆಲವೊಮ್ಮೆ ‘ಮರುಖರೀದಿ’ ಕಲಮೂ ಸೇರ್ತದೆ. ಅಂದರೆ ನೀನು ಕೊಂಡರೂ ಸ್ವಲ್ಪ ಹೆಚ್ಚು ಕೊಟ್ಟು ನಾನು ವಾಪಸ್ ತಗೋತೀನಿ ಅಂತ.

ಯುವೆಂಟಸ್ ಷೇರುಪೇಟೆಯಲ್ಲಿರೋ ಕಂಪನಿ, ಹಾಗಾಗಿ ಕಿಯೇಸಾನ ಒಪ್ಪಂದದ ಅಂಕಿಗಳು ಬಹಿರಂಗ. 2020ರ ಅಕ್ಟೋಬರ್‌ನಲ್ಲಿ ಫಿಯೊರೆಂಟಿನಾದಿಂದ ಎರಡು ವರ್ಷದ ಲೋನ್: ಮೊದಲ ವರ್ಷ 30 ಲಕ್ಷ ಯೂರೋ, ಎರಡನೇ ವರ್ಷ 70 ಲಕ್ಷ. ನಿಗದಿತ ಕ್ರೀಡಾ ಗುರಿ ಮುಟ್ಟಿದರೆ 4 ಕೋಟಿಗೆ ಖರೀದಿ ಕಡ್ಡಾಯ, ಅದೂ ಮೂರು ವರ್ಷದ ಕಂತಿನಲ್ಲಿ, ಜೊತೆಗೆ 1 ಕೋಟಿವರೆಗೆ ಬೋನಸ್. ಕೋವಿಡ್ ವರ್ಷ, ಗೇಟ್ ಹಣ ಸೊನ್ನೆ. ಮೊದಲ ಸೀಸನ್‌ಗೆ ಕೈಯಿಂದ ಹೋಗಿದ್ದು 30 ಲಕ್ಷ ಮಾತ್ರ. ಮೊದಲೇ ಕೊಳ್ಳದಿರಲು ಕಾರಣ ಇದೇ.

ಷರತ್ತುಗಳನ್ನು ಓದೋದು ಒಂದು ಮಜಾ. ‘ಫೆಬ್ರವರಿ ನಂತರ ತಂಡಕ್ಕೆ ಮೊದಲ ಪಾಯಿಂಟ್ ಬಂದರೆ ಖರೀದಿ’ ಅಂತ ಬರೆಯೋದುಂಟು. ಒಂದೇ ಒಂದು ಡ್ರಾ ಸಾಕು. ಹೆಸರಿಗೆ ಷರತ್ತು, ನಿಜದಲ್ಲಿ ಮುಂದೂಡಿದ ಮಾರಾಟ.

ಆಮೇಲೆ ಬೆಲೆ ಕುಸಿದದ್ದು. ಆಟಗಾರನ ಖರೀದಿ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಪ್ರತಿವರ್ಷ ಖರ್ಚು ಹಾಕ್ತಾರೆ. ಉದಾಹರಣೆಗೆ 4 ಕೋಟಿ, ನಾಲ್ಕು ವರ್ಷ ಅಂದರೆ ವರ್ಷಕ್ಕೆ 1 ಕೋಟಿ. ಒಪ್ಪಂದ ಮುಗಿಯಲು ಒಂದು ವರ್ಷ ಇದೆ ಅನ್ನುವಾಗ ಪುಸ್ತಕದಲ್ಲಿ ಉಳಿಯೋದು 1 ಕೋಟಿ. ಅದಕ್ಕಿಂತ ಮೇಲೆ ಎಷ್ಟಕ್ಕೆ ಮಾರಿದರೂ ನಷ್ಟ ತೋರಿಸಬೇಕಿಲ್ಲ. ಕಿಯೇಸಾನ ಒಪ್ಪಂದ 2025ರ ಜೂನ್‌ವರೆಗೆ, ನವೀಕರಣ ಆಗಲಿಲ್ಲ, ಹೊಸ ಕೋಚ್ ತಿಯಾಗೊ ಮೊತ್ತಾ ಯೋಜನೆಯಿಂದ ಹೊರಗಿಟ್ಟಾಗಿತ್ತು. ಇದು ಎದುರಿನವನಿಗೂ ಗೊತ್ತು. ಮುಂದಿನ ಜನವರಿಯಿಂದ ಅವನು ಯಾರ ಜೊತೆ ಬೇಕಾದರೂ ಪುಕ್ಕಟೆ ಸಹಿ ಹಾಕಬಹುದಿತ್ತು. ಇಂಥ ಹೊತ್ತಲ್ಲಿ ಚೌಕಾಸಿ ಮಾಡೋರು ಯಾರು?

ಒಂದು ಚಿಲ್ಲರೆ ವಿಷಯ: ದೇಶ ದಾಟಿದ ಪ್ರತಿ ವರ್ಗಾವಣೆಯ ಶೇ. 5, ಆಟಗಾರನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಸೇರ್ತದೆ. 12-15ರ ಪ್ರತಿ ಸೀಸನ್‌ಗೆ ಶೇ. 0.25, 16-23ರ ಪ್ರತಿ ಸೀಸನ್‌ಗೆ ಶೇ. 0.5. ಆ ವಯಸ್ಸಿನ ಹೆಚ್ಚುಕಮ್ಮಿ ಪೂರ್ತಿ ಕಾಲ ಕಿಯೇಸಾ ಫಿಯೊರೆಂಟಿನಾದಲ್ಲೇ ಇದ್ದ. ಲೆಕ್ಕ ಹಾಕಿದರೆ ಲಿವರ್‌ಪೂಲ್ ಹಣದಲ್ಲೂ ಅವರ ಪಾಲು ಸುಮಾರು ಶೇ. 4.5.

ಕಾಂದ್ರೇವಾನ ಕಾಲದ ಕಥೆ ಇನ್ನೂ ವಿಚಿತ್ರ. ಉದಿನೇಸೆ ಅವನನ್ನು ಲಿವೊರ್ನೊ, ಯುವೆಂಟಸ್, ಪಾರ್ಮಾ, ಚೆಝೇನಾ ಅಂತ ಸುತ್ತಿಸಿ 2012ರ ಜನವರಿಯಲ್ಲಿ ಲಾಜಿಯೊಗೆ ಬಿಟ್ಟಿತು. ಆಗ ಜಂಟಿ ಮಾಲೀಕತ್ವವೂ ಇತ್ತು: ಒಬ್ಬ ಆಟಗಾರ, ಎರಡು ಕ್ಲಬ್‌ಗೆ ಅರ್ಧರ್ಧ. ಜೂನ್‌ನಲ್ಲಿ ರಾಜಿಯಾಗದಿದ್ದರೆ ಇಬ್ಬರೂ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಬೇಕು, ಹೆಚ್ಚು ಬರೆದವರಿಗೆ ಆಟಗಾರ. 2014ರಲ್ಲಿ ಫೆಡರೇಶನ್ ಅದನ್ನು ರದ್ದು ಮಾಡಿತು. ಈಗಿನ ತರಹೇವಾರಿ ಕಲಮುಗಳಲ್ಲಿ ಅರ್ಧದಷ್ಟು ಆ ಖಾಲಿ ಜಾಗ ತುಂಬಲು ಬಂದವೇ.

ಫಿಸಿಯೋ_ಕೋನ:
ಮಂಡಿಯನ್ನು ಹಾಗೆ ಪಕ್ಕಕ್ಕೆ ತಳ್ಳಬೇಡಿ. 2022ರ ಜನವರಿ 9, ರೋಮಾ ವಿರುದ್ಧ, ಎಡ ಮಂಡಿಯ ಎಸಿಎಲ್ (ಮಂಡಿಯನ್ನು ಒಳಗಿಂದ ಹಿಡಿದಿಡುವ ಅಸ್ಥಿರಜ್ಜು) ಹರಿಯಿತು. ಮೈದಾನಕ್ಕೆ ಮರಳಿದ್ದು ನವೆಂಬರ್ 2ರಂದು, ಪಿಎಸ್‌ಜಿ ವಿರುದ್ಧ. ಹತ್ತು ತಿಂಗಳು. ಈ ನಡುವೆ ಮಾರ್ಚ್‌ನಲ್ಲಿ ಇಟಲಿ ಉತ್ತರ ಮ್ಯಾಸಿಡೋನಿಯಾಗೆ 0-1 ಸೋತು ವಿಶ್ವಕಪ್ ಕಳೆದುಕೊಂಡಿತು.

ಅವಧಿಯಲ್ಲಿ ತಪ್ಪಿಲ್ಲ, 9 ತಿಂಗಳೊಳಗೆ ಮರಳಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು. ತೊಂದರೆ ಇರೋದು ಅಳತೆಯಲ್ಲಿ. ಗಾಯದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ. 90 ದಾಟಬೇಕು ಅನ್ನೋದು ಸಾಮಾನ್ಯ ಮಾನದಂಡ. ಆದರೆ ಅಷ್ಟು ತಿಂಗಳು ಆಡದೆ ಆ ಇನ್ನೊಂದು ಕಾಲೂ ಸೊರಗಿರ್ತದೆ. ಹಾಗಾಗಿ ಗಾಯಕ್ಕೆ ಮುಂಚಿನ ಅಂಕಿ ಕೈಯಲ್ಲಿಲ್ಲದಿದ್ದರೆ ಶೇ. 90 ಅನ್ನೋದು ಸುಳ್ಳು ಸಮಾಧಾನ.

ವಿಂಗರ್‌ಗೆ ನೇರ ಓಟದ ವೇಗ ಬೇಗ ವಾಪಸ್ ಬರ್ತದೆ. ತಡವಾಗೋದು ಬ್ರೇಕ್: ಪೂರ್ತಿ ವೇಗದಿಂದ ಎರಡು ಮೂರು ಹೆಜ್ಜೆಯಲ್ಲಿ ನಿಂತು ದಿಕ್ಕು ಬದಲಿಸೋದು. ಎಡಬದಿಯಿಂದ ಒಳಗೆ ಕತ್ತರಿಸುವ ಬಲಗಾಲಿನ ಆಟಗಾರ ಆ ತಿರುವಿಗೆ ನೆಲ ಒತ್ತೋದು ಎಡಗಾಲಿಂದ, ಅಂದರೆ ಆಪರೇಷನ್ ಆದ ಮಂಡಿಯಿಂದಲೇ. ಸ್ಪೇನ್ ಮೇಲೆ ಬಲಗಾಲಲ್ಲಿ ತಿರುಗಿಸಿ ಹೊಡೆದನಲ್ಲ, ಆ ಬಗೆಯ ಹೊಡೆತಕ್ಕೂ ನೆಲದಲ್ಲಿ ಊರಿರೋ ಕಾಲು ಎಡಗಾಲೇ.

ಟಚ್‌ಲೈನ್_7:
ಈಗ ಅರ್ಥ ಆಯ್ತು. ಹಾಗಾದರೆ ಹೊಸ ಕ್ಲಬ್‌ನಲ್ಲಿ ಒಬ್ಬ ವಿಂಗರ್ ನಿಲ್ತಾನಾ ಇಲ್ವಾ ಅಂತ ಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ?

ಅರ್ಧಮೈದಾನ:
ಗೋಲು ಎಣಿಸಬೇಡಿ. ಚೆಂಡು ಮೈದಾನದ ಆಚೆ ಬದಿಯಲ್ಲಿರುವಾಗ ಇವನು ಎಲ್ಲಿ ನಿಂತಿದ್ದಾನೆ ನೋಡಿ. ಗೆರೆ ಮೇಲೇ ಇದ್ದರೆ ಕೋಚ್ ಅವನನ್ನು ವಿಂಗರ್ ಆಗಿಯೇ ಉಳಿಸಿದ್ದಾನೆ. ತಂಡ 1-0 ಮುಂದಿದ್ದಾಗ ಯಾವ ನಿಮಿಷಕ್ಕೆ ಹೊರಗೆ ಕರೀತಾರೆ ಅಂತಲೂ ನೋಡಿ. ಪ್ರತಿ ಸಲ 60ಕ್ಕೇ ಕರೆದರೆ ಡಿಫೆನ್ಸ್‌ನಲ್ಲಿ ನಂಬಿಕೆ ಇಲ್ಲ ಅಂತಲೇ ಅರ್ಥ.

ಓರ್ಸೊಲಿನಿಯನ್ನು ಮಾತ್ರ ಆ ಅಲೆಮಾರಿ ಪಟ್ಟಿಯಿಂದ ತೆಗೀರಿ. ಯುವೆಂಟಸ್ ಕೊಂಡು ಅಟಲಾಂಟಾಗೆ ಲೋನ್ ಕೊಟ್ಟದ್ದು ನಿಜ. ಆದರೆ 2018ರ ಜನವರಿಯಿಂದ ಅವನು ಬೊಲೋನ್ಯಾದಲ್ಲೇ ಇದ್ದಾನೆ, 2019ರಲ್ಲಿ ಅವರು 1.5 ಕೋಟಿ ಯೂರೋಗೆ ಖಾಯಂ ಮಾಡಿಕೊಂಡರು, 2025ರಲ್ಲಿ ಕೊಪ್ಪಾ ಇಟಾಲಿಯಾ ಕೂಡ ಗೆದ್ದ. ಹೆಚ್ಚಿನ ಕಾಲ ಅಲ್ಲಿ ಬಲಬದಿಯ ವಿಂಗರ್‌ಗೆ ಒಂದು ಜಾಗ ಇತ್ತು. 2021-22ರಲ್ಲಿ ಮಿಹಾಯ್ಲೊವಿಚ್ ಮೂವರು ಸೆಂಟರ್‌ಬ್ಯಾಕ್‌ಗಳಿಗೆ ತಿರುಗಿದಾಗ ಅವನೂ ಬೆಂಚು ಕಾಯ್ದ.