ನಾಲ್ಕು ವರ್ಷ ಓಡಿದ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಬಹುದೇ?

ಪ್ರಶ್ನೆ (ಶಿಕ್ಷಕಿ, ಮಂಡ್ಯ): ನಮಸ್ಕಾರ ಅಣ್ಣಾ. ನಮ್ಮ ಶಾಲೆ ಮನೆಯಿಂದ 18 ಕಿ.ಮೀ. ದಿನವೂ ಎರಡು ಬಸ್ ಹತ್ತಿ ಸಾಕಾಗಿದೆ. ಮೈಸೂರಿನ ಕುವೆಂಪುನಗರದಲ್ಲಿ ನಾಲ್ಕು ವರ್ಷ ಹಳೆಯ ಎಲೆಕ್ಟ್ರಿಕ್ ಸ್ಕೂಟರ್ ಒಂದನ್ನು ನೋಡಿ ಬಂದೆ. 3 ಯೂನಿಟ್ ಬ್ಯಾಟರಿ, 26 ಸಾವಿರ ಕಿ.ಮೀ. ಓಡಿದೆ. ನೋಡಲು ಹೊಸದರಂತಿದೆ. ಈಗಲೂ 100 ಕಿ.ಮೀ. ಬರುತ್ತದೆ ಎನ್ನುತ್ತಾರೆ. ನಂಬಲೇ? ನನ್ನ ಮೊದಲ ಗಾಡಿ ಇದು.

ಉತ್ತರ (ಎಲೆಕ್ಟ್ರಿಕ್ ಗಾಡಿಗಳ ಮೆಕ್ಯಾನಿಕ್, ಮೈಸೂರು): ಮೇಡಂ, ಮೈಬಣ್ಣ ನೋಡಬೇಡಿ. ನೀವು ಕೊಳ್ಳುತ್ತಿರುವುದು ಬ್ಯಾಟರಿಯನ್ನು. ಮಿಕ್ಕದ್ದೆಲ್ಲ ಕಡಿಮೆ ಖರ್ಚಿನಲ್ಲಿ ರಿಪೇರಿಯಾಗುತ್ತದೆ, ಬ್ಯಾಟರಿ ಹೋದರೆ ಗಾಡಿಯ ಅರ್ಧ ಬೆಲೆಯೇ ಹೋದಂತೆ.

ಪೂರ್ತಿ ಚಾರ್ಜ್ ಮಾಡಿಸಿಟ್ಟಿರಲು ಹೇಳಿ. ಎಂದಿನ ವೇಗದಲ್ಲಿ 10 ಕಿ.ಮೀ. ನೀವೇ ಓಡಿಸಿ. ಇಂಥ ಗಾಡಿ ಕಿ.ಮೀ.ಗೆ ಸುಮಾರು 30 ವ್ಯಾಟ್-ಅವರ್ ತಿನ್ನುತ್ತದೆ, 3 ಯೂನಿಟ್ ಎಂದರೆ 3,000 ವ್ಯಾಟ್-ಅವರ್. ಬ್ಯಾಟರಿ ಹೊಸದಾಗಿದ್ದರೆ ಚಾರ್ಜ್ ಶೇ. 100ರಿಂದ 90ಕ್ಕೆ ಇಳಿಯಬೇಕು. 83ಕ್ಕೆ ಇಳಿದರೆ ಬ್ಯಾಟರಿಯಲ್ಲಿ ಉಳಿದಿರುವುದು ಹೊಸದರ ಸಾಮರ್ಥ್ಯದ ಸುಮಾರು ಶೇ. 60 ಮಾತ್ರ. ಹಾಗಿದ್ದರೂ ನಿಮ್ಮ 36 ಕಿ.ಮೀ. ಓಡಾಟಕ್ಕೆ ಸದ್ಯಕ್ಕೆ ಸಾಕು, ಆದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೇಳಿ.

ಆಮೇಲೆ, ಚಾರ್ಜ್ 40ರ ಆಸುಪಾಸಿಗೆ ಇಳಿದಾಗ ಚಾಮುಂಡಿ ಬೆಟ್ಟದ ರಸ್ತೆ ಹತ್ತಿಸಿ. ಏರಿನಲ್ಲಿ ಅದು ಇದ್ದಕ್ಕಿದ್ದಂತೆ 25ಕ್ಕೆ ಕುಸಿದು, ನಿಲ್ಲಿಸಿದ ಮೇಲೆ ಮತ್ತೆ 35 ತೋರಿಸಿದರೆ ಒಳಗೆ ಕೆಲವು ಸೆಲ್‌ಗಳು ದಣಿದಿವೆ ಎಂದೇ ಅರ್ಥ. ಅಂಥ ಗಾಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿ. ನಡುದಾರಿಯಲ್ಲಿ ಕೈಕೊಡುವುದು ಇವೇ.

ಚಾರ್ಜಿಂಗ್ ಪಿನ್‌ಗಳನ್ನು ಟಾರ್ಚ್ ಹಾಕಿ ನೋಡಿ. ಒಂದು ಪಿನ್ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಮೇಣದಂತೆ ಕರಗಿದ್ದರೆ ಜೋಡಣೆ ಸಡಿಲವಾಗಿ ಬಿಸಿಯಾಗಿದೆ. ನನ್ನ ಕೈಗೆ ಬರುವ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಮಾಲೀಕರಿಗೇ ಗೊತ್ತಿರುವುದಿಲ್ಲ.

ಇನ್ನೊಬ್ಬ ಸದಸ್ಯರು: ಎಲೆಕ್ಟ್ರಿಕ್ ಗಾಡಿಗೆ ಡಿಎಲ್ ಬೇಡವಲ್ಲವೇ?

ಉತ್ತರ: 250 ವ್ಯಾಟ್ ಮತ್ತು 25 ಕಿ.ಮೀ. ವೇಗದ ಮಿತಿಯೊಳಗಿನ ಗಾಡಿಗೆ ಮಾತ್ರ ಡಿಎಲ್, ನೋಂದಣಿ ಬೇಡ. ಮೇಡಂ ನೋಡಿರುವುದು ಆ ಬಗೆಯದಲ್ಲ. ಅದಕ್ಕೆ ಹಸಿರು ನಂಬರ್ ಪ್ಲೇಟ್, ಆರ್‌ಸಿ, ವಿಮೆ, ಡಿಎಲ್ ಎಲ್ಲವೂ ಬೇಕು.

ಪ್ರಶ್ನೆ (ಅದೇ ಶಿಕ್ಷಕಿ, ಒಂದು ವಾರದ ನಂತರ): ಅಣ್ಣಾ, ಭಾನುವಾರ ಹೋಗಿ ಓಡಿಸಿ ನೋಡಿದೆ. 10 ಕಿ.ಮೀ.ಗೆ 88ಕ್ಕೆ ಇಳಿಯಿತು. ಬೆಟ್ಟದಲ್ಲಿ ಅಂಕಿ ಜಿಗಿಯಲಿಲ್ಲ. ಪಿನ್ ಶುದ್ಧವಾಗಿದೆ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದೆ. ಸಾಲ ತೀರಿದೆ, ಕಾಗದ ಆಮೇಲೆ ಕೊಡುತ್ತೇನೆ ಎನ್ನುತ್ತಾರೆ.

ಉತ್ತರ: ಬ್ಯಾಟರಿ ಚೆನ್ನಾಗಿದೆ, 80 ಕಿ.ಮೀ. ಧಾರಾಳವಾಗಿ ಬರುತ್ತದೆ. ಕಾಗದದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬೇಕಾದ, ಸಹಿಯಾದ 35ನೇ ನಮೂನೆ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳಿಗೂ ಅಂದೇ ಸಹಿ ಹಾಕಿಸಿಕೊಳ್ಳಿ. ಬ್ಯಾಟರಿ ವಾರಂಟಿ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ.

ಮಂಡ್ಯಕ್ಕೆ ತರುವಾಗ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಏರಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ, ಸರ್ವಿಸ್ ರಸ್ತೆಯಲ್ಲೇ ಬನ್ನಿ. ಗಾಡಿಗೆ ಸದ್ದಿಲ್ಲದ ಕಾರಣ ಊರೊಳಗೆ ಹಿಂದಿನಿಂದ ಬರುವುದು ಯಾರಿಗೂ ತಿಳಿಯುವುದಿಲ್ಲ, ಸಣ್ಣಗೆ ಹಾರ್ನ್ ಮಾಡಿ. ನಿಲ್ಲಿಸಿದ ಕೂಡಲೇ ಕೀ ಆಫ್ ಮಾಡಿ. ಶಾಲೆಯ ಮಕ್ಕಳು ಮುಟ್ಟದೆ ಬಿಡುವುದಿಲ್ಲ, ಆ್ಯಕ್ಸಿಲರೇಟರ್ ತಿರುವಿದರೆ ಗಾಡಿ ಮುನ್ನುಗ್ಗಿಬಿಡುತ್ತದೆ. ಮನೆಗೆ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ಅರ್ಧ ಗಂಟೆ ತಣ್ಣಗಾಗಲಿ. ಪ್ಲಗ್‌ಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಈ ವಾರವೇ ತೋರಿಸಿ.