ಮಾತ್ರೆಯಿಲ್ಲದೆ ಎಚ್‌ಐವಿ ಹತೋಟಿ: ಎನ್‌ಕೆ ಕೋಶಗಳ ಪಾಲೆಷ್ಟು?

ಎಮ್ಮೆಸ್ಸಿ_ಕೊನೇಬೆಂಚು:
ಸೆಮಿನಾರಿಗೆ ‘ಎಲೀಟ್ ಕಂಟ್ರೋಲರ್’ ವಿಷಯ ಸಿಕ್ಕಿದೆ. ಸೋಂಕಿತರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಇರೋ ಗುಂಪು. ಎಆರ್‌ಟಿ (ಎಚ್‌ಐವಿ ಅಡಗಿಸೋ ಔಷಧಿ) ಮಾತ್ರೆ ಒಂದೂ ನುಂಗದೆ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಮಿಲಿಲೀಟರಿಗೆ 50 ಪ್ರತಿಗಿಂತ ಕೆಳಗೇ ಇರುತ್ತೆ. ಓದಿದ್ದೆಲ್ಲಾ ಸಿಡಿ8 ಟಿ ಕೋಶ (ಸೋಂಕು ಹಿಡಿದ ಕೋಶಗಳನ್ನ ಗುರುತಿಸೋದು ಕಲಿತು ಕೊಲ್ಲೋ ಪಡೆ), ಎಚ್‌ಎಲ್‌ಎ-ಬಿ57 (ಕೋಶದ ಮೇಲ್ಮೈ ಗುರುತಿನ ಒಂದು ವಂಶವಾಹಿ ಬಗೆ) ಅಂತಲೇ ಹೇಳುತ್ತೆ. ಆದರೆ ಬಿ57 ಇದ್ದೂ ಏಡ್ಸ್ ಬಂದವರಿದ್ದಾರಲ್ಲ? ಸಿಡಿ8 ತಯಾರಾಗೋವರೆಗೆ ವೈರಸ್ ಕೈಕಟ್ಟಿ ಕೂತಿರುತ್ತಾ? ಗೈಡ್ ಕೇಳಿದ್ರೆ, ‘ಇನ್ನೇಟ್ (ಹುಟ್ಟಿನಿಂದಲೇ ಇರೋ ರಕ್ಷಣೆ) ಬಗ್ಗೆ ಒಂದು ಸ್ಲೈಡ್ ಹಾಕಿ ಮುಂದೆ ಹೋಗು’ ಅಂದರು.

ಪಿಪೆಟ್_ಪುಟ್ಟ:
ಕೋಶದೊಳಗಿನ ಕಾವಲುಗಾರರನ್ನ ಮರೀಬೇಡಿ. 2002ರಲ್ಲಿ ಗುರುತಿಸಿದ ಎಪೋಬೆಕ್3ಜಿ ವೈರಸ್ಸಿನ ಡಿಎನ್‌ಎ ತಯಾರಾಗ್ತಿರುವಾಗಲೇ ಅಕ್ಷರ ಕೆಡಿಸುತ್ತೆ. ಎಚ್‌ಐವಿ ಅದಕ್ಕಂತಲೇ ವಿಫ್ ಅನ್ನೋ ಪ್ರೋಟೀನ್ ಇಟ್ಕೊಂಡಿದೆ. ಹೊಸ ವೈರಸ್ಸನ್ನ ಕೋಶಕ್ಕೇ ಕಟ್ಟಿಹಾಕೋ ಟೆದರಿನ್ ಅನ್ನೋ ಕಾವಲುಗಾರನಿಗೆ ವಿಪಿಯು ಅನ್ನೋ ಪ್ರೋಟೀನ್. ಕಳ್ಳನೂ ಬೀಗವೂ ಒಟ್ಟಿಗೇ ಬೆಳೆದ ಹಾಗೆ.

ಫ್ಲೋಲ್ಯಾಬ್_ಅಕ್ಕ:
ಹದಿನಾಲ್ಕು ವರ್ಷದಿಂದ ಫ್ಲೋ ಸೈಟೊಮೀಟರ್ (ಕೋಶಗಳನ್ನ ಒಂದೊಂದಾಗಿ ಎಣಿಸಿ ಗುರುತಿಸೋ ಯಂತ್ರ) ಮುಂದೆ ಕೂತವಳು ನಾನು, ಹಾಗಾಗಿ ಎನ್‌ಕೆ (ನ್ಯಾಚುರಲ್ ಕಿಲ್ಲರ್, ಇನ್ನೇಟ್ ಪಡೆಯ ಕೊಲ್ಲೋ ಕೋಶ) ಕೋಶದ ಪಕ್ಷ ವಹಿಸ್ತೀನಿ ಅಂತ ಮೊದಲೇ ಒಪ್ಕೋತೀನಿ.

ನಿಮ್ಮ ಬಿ57 ಒಗಟಿಗೆ ಅರ್ಧ ಉತ್ತರ ಅಲ್ಲೇ ಇದೆ. ಸಿಡಿ8 ಕಣ್ಣಿಗೆ ಬೀಳಬಾರದು ಅಂತ ವೈರಸ್ಸಿನ ನೆಫ್ ಪ್ರೋಟೀನು ಎಚ್‌ಎಲ್‌ಎ-ಎ ಮತ್ತು ಬಿಗಳನ್ನ ಕೋಶದ ಮೇಲ್ಮೈಯಿಂದ ಒಳಗೆಳೆದುಬಿಡುತ್ತೆ. ಆ ಜಾಣತನವೇ ಅದಕ್ಕೆ ಮುಳುವು. ಎನ್‌ಕೆ ಕೋಶದ ಕೆಐಆರ್3ಡಿಎಲ್1 ಗ್ರಾಹಕ ಎದುರಿಗಿರೋ ಕೋಶದ ಮೇಲೆ ಬಿಡಬ್ಲ್ಯು4 ಅನ್ನೋ ಗುರುತು ತಡವಿ ನೋಡುತ್ತೆ. ಸಿಕ್ಕರೆ ನಮ್ಮವನೇ ಅಂತ ಬಿಡುತ್ತೆ, ಸಿಗದಿದ್ದರೆ ಬ್ರೇಕ್ ಸಡಿಲ. ಬಿ57 ಕೂಡ ಬಿಡಬ್ಲ್ಯು4 ಗುಂಪಿನದೇ. ಕೆಐಆರ್3ಡಿಎಲ್1 ಹೇರಳವಾಗಿ ತೋರಿಸೋ ಮಾದರಿಯ ಜೊತೆ ಬಿ57 ಕೂಡಿ ಬಂದವರಲ್ಲಿ ಕಾಯಿಲೆ ನಿಧಾನ ಅಂತ 2007ರಲ್ಲೇ ಬಂತು. ಅಂದರೆ ಬಿ57 ಒಂದೇ ವಂಶವಾಹಿ, ಆದರೆ ಎರಡು ಪಡೆಗೂ ದುಡಿಯುತ್ತೆ.

ನನ್ನದೊಂದು ತಪ್ಪು ಹೇಳ್ತೀನಿ. ಒಂದು ಶನಿವಾರ ಸಂಜೆ ಒಬ್ಬ ಕಂಟ್ರೋಲರ್ ರಕ್ತ ಬಂತು. ಸೋಮವಾರ ನೋಡೋಣ ಅಂತ ಕೋಶ ಬೇರ್ಪಡಿಸಿ ಫ್ರೀಜ್ ಮಾಡಿಟ್ಟೆ. ಕರಗಿಸಿ, ಎನ್‌ಕೆ ಪರೀಕ್ಷೆಗೆ ಬಳಸೋ ಗುರಿ ಕೋಶವಾದ ಕೆ562 ಜೊತೆ ಬಿಟ್ಟು ನೋಡಿದ್ರೆ ಸಿಡಿ107ಎ (ಎನ್‌ಕೆ ದಾಳಿ ಮಾಡಿದ ಗುರುತು) ಮೂಲೇಲಿ ಬೆರಳೆಣಿಕೆ ಚುಕ್ಕೆ! ಎನ್‌ಕೆ ಸತ್ತಿರಲಿಲ್ಲ, ಸಪ್ಪಗಾಗಿತ್ತು. ತಿಂಗಳಾದ ಮೇಲೆ ಅದೇ ವ್ಯಕ್ತಿಯ ತಾಜಾ ರಕ್ತ ಸಿಕ್ತು, ಆವತ್ತೇ ಓಡಿಸಿದೆ. ಪರದೆ ಬಲಕ್ಕೆ ಚುಕ್ಕೆಗಳ ಮೋಡವೇ ಎದ್ದಿತು. ಪೇಪರ್ ಓದುವಾಗ ಮೊದಲು ನೋಡಬೇಕಾದ್ದು, ರಕ್ತ ತಾಜಾವೋ ಫ್ರೀಜರ್‌ದೋ ಅಂತ.

ಎಮ್ಮೆಸ್ಸಿ_ಕೊನೇಬೆಂಚು:
ಹಾಗಿದ್ರೆ ಇನ್ನೇಟ್ ಜೋರಾಗಿದ್ದಷ್ಟೂ ಒಳ್ಳೇದು ಅಂತ ಬರೀಲಾ ಮೇಡಂ? ವೈರಸ್ ವಿರುದ್ಧ ಕೋಶಗಳನ್ನ ಎಚ್ಚರಿಸೋ ಇಂಟರ್‌ಫೆರಾನ್ ಕೊಟ್ಟರಾಯ್ತಲ್ಲ?

ಫ್ಲೋಲ್ಯಾಬ್_ಅಕ್ಕ:
ಅಯ್ಯೋ, ದಯವಿಟ್ಟು ಹಾಗೆ ಬರೀಬೇಡಿ. ಎಲ್ಲರೂ ಎಡವೋದು ಅಲ್ಲೇ. 2014ರಲ್ಲಿ ರೀಸಸ್ ಕೋತಿಗಳ ಮೇಲೆ ಒಂದು ಪ್ರಯೋಗ ಆಯ್ತು. ಎಸ್‌ಐವಿ (ಕೋತಿಗಳಲ್ಲಿರೋ, ಎಚ್‌ಐವಿಯ ಬಂಧು ವೈರಸ್) ತಗಲುವ ಹೊತ್ತಿಗೆ ಇಂಟರ್‌ಫೆರಾನ್ ದಾರಿ ಮುಚ್ಚಿದರೆ ವೈರಸ್ ಹೆಚ್ಚಿತು, ಏಡ್ಸ್ ಬೇಗ ಬಂತು. ಇಂಟರ್‌ಫೆರಾನ್ ಆಲ್ಫಾ ಕೊಟ್ಟಾಗ ಮೊದಮೊದಲು ಸೋಂಕೇ ಹಿಡೀಲಿಲ್ಲ. ಕೊಡ್ತಾನೇ ಹೋದಾಗ ಕೋಶಗಳು ಅದಕ್ಕೆ ಒಗ್ಗಿ ಕಿವುಡಾದವು, ಆಮೇಲೆ ವೈರಸ್ ಜಾಸ್ತಿಯೇ ಆಯ್ತು.

ಸೂಟಿ ಮ್ಯಾಂಗಬಿ ಕೋತಿಗಳನ್ನೂ ನೋಡಿ. ಅವುಗಳ ರಕ್ತದ ತುಂಬಾ ಎಸ್‌ಐವಿ, ಆದರೂ ಏಡ್ಸ್ ಬರೋದು ತೀರಾ ಅಪರೂಪ. ಇಂಟರ್‌ಫೆರಾನ್ ಉರಿ ಅವುಗಳಲ್ಲೂ ಏಳುತ್ತೆ, ಕೆಲವೇ ವಾರದಲ್ಲಿ ಆರುತ್ತೆ. ರೀಸಸ್‌ನಲ್ಲಿ ಆರೋದೇ ಇಲ್ಲ. ಮ್ಯಾಂಗಬಿ ವೈರಸ್ ತಡೆಯೋದಿಲ್ಲ, ಕಂಟ್ರೋಲರ್ ತಡೀತಾರೆ. ಎರಡನ್ನೂ ಒಂದೇ ಸ್ಲೈಡಿಗೆ ತುರುಕಬೇಡಿ.

ಪಿಪೆಟ್_ಪುಟ್ಟ:
ಕಂಟ್ರೋಲರ್‌ಗಳಲ್ಲೂ ಉರಿಯೂತದ ಗುರುತುಗಳು ಸೋಂಕಿಲ್ಲದವರಿಗಿಂತ ಜಾಸ್ತಿ ಇರ್ತವೆ ಅಲ್ವಾ ಅಕ್ಕ?

ಫ್ಲೋಲ್ಯಾಬ್_ಅಕ್ಕ:
ಹೌದು ಪುಟ್ಟ. ವೈರಲ್ ಲೋಡ್ ಕಾಣದಿದ್ದ ಮಾತ್ರಕ್ಕೆ ಒಳಗೆ ಎಲ್ಲಾ ತಣ್ಣಗಿದೆ ಅಂತಲ್ಲ. ಸೆಮಿನಾರ್‌ನಲ್ಲಿ ಯಾರಾದರೂ ‘ಹಾಗಾದ್ರೆ ಅವರಿಗೆ ಮಾತ್ರೆ ಬೇಡ್ವಾ’ ಅಂತ ಕೇಳೇ ಕೇಳ್ತಾರೆ. ಸೋಂಕಿರುವ ಎಲ್ಲರಿಗೂ ಎಆರ್‌ಟಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ, ಅದನ್ನ ಕಿಸೆಯಲ್ಲಿಟ್ಕೊಂಡು ಹೋಗಿ.

ಎಮ್ಮೆಸ್ಸಿ_ಕೊನೇಬೆಂಚು:
ಇನ್ನೇಟ್ ಐದು ಸ್ಲೈಡ್ ಆಯ್ತು. ಸಿಡಿ8 ಎರಡಕ್ಕಿಳೀತು. ಗೈಡ್‌ಗೆ ಇನ್ನೂ ತೋರಿಸಿಲ್ಲ.