ಅಪ್‌ಡೇಟ್: ಮೀಮ್‌ನಲ್ಲಿ ಒತ್ತಕ್ಷರ ಈಗ ಸರಿ ಬರ್ತಿದೆ

ಮೀಮ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರ್ತಿದೆ, ಏನು ಮಾಡಲಿ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆ ಅಲ್ವಾ? ಶಿರಸಿಯ ನಮ್ಮ ಕಾಲೇಜು ಗ್ರೂಪಿಗೆ ಮೀಮ್ ಮಾಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಚಿತ್ರದ ಮೇಲೆ ‘ಅಪ್ಪೆಹುಳಿ’ ಅಂತ ಹಾಕಿದರೆ ‘ಅಪ್‌ಪೆಹುಳಿ’ ಎಂದು ಒಡೆದು ಬರುತ್ತಿತ್ತು.

ಜಾಸ್ತಿ ಜನ ಫಾಂಟ್ ಬದಲಿಸಲು ಹೇಳಿದ್ದಿರಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡನ್ನೂ ಹಾಕಿದೆ. ಏನೂ ಆಗಲಿಲ್ಲ. ‘ರಕಮ್ ಇದೆಯಾ ನೋಡು ತಮ್ಮಾ’ ಎಂದು ಉತ್ತರಿಸಿದ್ದ ಅಣ್ಣನ ಮಾತೇ ಸರಿ. ರಕಮ್ ಅಂದ್ರೆ ಅಕ್ಷರಗಳನ್ನು ಸರಿಯಾಗಿ ಜೋಡಿಸಿ ಕೊಡುವ ಲೈಬ್ರರಿ. ಚಿತ್ರದ ಮೇಲೆ ಬರೆಯಲು ನಾನು ಬಳಸಿದ ಪೈಥಾನ್ ಲೈಬ್ರರಿ ಪಿಲ್ಲೋ; ಅದರ 8.2 ಆವೃತ್ತಿಯಿಂದ ರಕಮ್ ಜೊತೆಗೇ ಬರುತ್ತದೆ. ಆದರೆ ರಕಮ್‌ಗೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯ ಫೈಲ್ (ಡಿಎಲ್‌ಎಲ್) ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಪಾರ್ಟ್‌ಟೈಮ್ ವೆಬ್‌ಸೈಟ್ ಕೆಲಸ ಮುಗಿಸಿ, ರಾತ್ರಿ ಕೂತು ಅದನ್ನು ಪೈಥಾನ್ ಫೋಲ್ಡರಿಗೆ ಹಾಕಿದೆ. ರಕಮ್ ಚೆಕ್ ಮಾಡಿದರೆ ‘ಫಾಲ್ಸ್’ ಹೋಗಿ ‘ಟ್ರೂ’ ಬಂತು!

ನನಗೆ ಗೊತ್ತೇ ಇರಲಿಲ್ಲ: ‘ಪ್ಪೆ’ ನಮಗೆ ಒಂದೇ ಅಕ್ಷರ, ಯೂನಿಕೋಡ್‌ಗೆ 4 ಸಂಕೇತ. ಪ, ಹಲಂತ (ಸ್ವರ ತೆಗೆಯುವ ಗುರುತು), ಮತ್ತೆ ಪ, ಆಮೇಲೆ ಎತ್ವ. ಇವನ್ನು ಕೂಡಿಸಿ ಒತ್ತನ್ನು ಕೆಳಗಿಡುವುದು ರಕಮ್ ಬಳಸುವ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಲೈಬ್ರರಿ. ಅದಿಲ್ಲದೆ ಎಷ್ಟು ಒಳ್ಳೆ ಫಾಂಟ್ ಇದ್ದರೂ ಸುಮ್ನೆ.

ಅಣ್ಣಾ, ತುಂಬಾ ಥ್ಯಾಂಕ್ಸ್. ಮೊದಲ ಮೀಮ್ ಅಪ್ಪೆಹುಳಿಯದ್ದೇ ಹಾಕಿದೆ. ಒತ್ತು ಪ ಕೆಳಗೆ ಚಂದ ಕೂತಿದೆ.